ಮುಚ್ಚಿದ ಬಾವಿಯ ಚರಿಗೆ

“ಈ ಬಾವಿ ಮುಚ್ಚಿ ಎರಡು ವರ್ಷ ಆತ್ರಿ ಸಾಹೇಬ್ರ. ಇದರಾಗ ನೋಡೂದೇನೈತಿ?”

ಹೆಡ್‌ಮಾಸ್ತರ ಗುರುಪಾದಪ್ಪನವರು ಇದೇ ಮಾತನ್ನು ಮೂರನೆಯ ಸಲ ಹೇಳಿದರು. ಒಂದೇ ಮಾತನ್ನು ಮೂರು ಸಲ ಹೇಳುವವರನ್ನು ಕಂಡರೆ ಇನ್ಸ್‌ಪೆಕ್ಟರ್ ಪದ್ಮಾಕರ ಚೌಗುಲೆಗೆ ಮೊದಲಿನಿಂದಲೂ ಗುಮಾನಿ. ಅವನು ಉತ್ತರ ಕೊಡುವ ಗೋಜಿಗೆ ಹೋಗದೆ ಬಾವಿಯ ಬಾಯಿಗೆ ಹಾಕಿದ್ದ ಕಬ್ಬಿಣದ ಜಾಲರಿಯ ಪಕ್ಕ ಮೊಣಕಾಲೂರಿದ.

ಬೀಗಕ್ಕೆ ತುಕ್ಕು ಹಿಡಿದಿತ್ತು, ನಿಜ. ಆದರೆ ಕೀಲಿಕೈ ತೂರಿಸುವ ಕಂಡಿಯಲ್ಲಿ ಎಣ್ಣೆಯ ಪಸೆ ಮಿನುಗುತ್ತಿತ್ತು. ಜಾಲರಿಯ ಒಂದು ಸರಳಿಗೆ ತೆಳುವಾದ ಹಗ್ಗ ಬಿಗಿದಿತ್ತು. ಹಗ್ಗದ ಉಳಿದ ಭಾಗ ಕತ್ತಲೊಳಗೆ ಇಳಿದಿತ್ತು.

“ಬೀಗ ತೆಗೀರಿ.”

“ಕೀಲಿಕೈ ಎಲ್ಲಿ ಇಟ್ಟೀನೋ ಏನೋ...”

“ಕೋಟಿನ ಕಿಸೆ ನೋಡ್ರಿ.”

ಕೋಟಿನ ಕಿಸೆಯಲ್ಲೇ ಇತ್ತು. ಎರಡು ವರ್ಷ ತೆಗೆಯದ ಬೀಗದ ಕೀಲಿಕೈಯನ್ನು ದಿನವೂ ಕಿಸೆಯಲ್ಲಿಟ್ಟು ತಿರುಗುವ ಹೆಡ್‌ಮಾಸ್ತರರ ಶಿಸ್ತನ್ನು ಮೆಚ್ಚಲೇಬೇಕು. ಪದ್ಮಾಕರ ಮೆಚ್ಚುವ ಸ್ಥಿತಿಯಲ್ಲಿರಲಿಲ್ಲ. ಅವನ ಕೈಯಲ್ಲಿ ಉಳಿದಿದ್ದದ್ದು ಇದೊಂದು ಸಂಜೆ ಮಾತ್ರ.

ಖಾನಾಪುರದ ಹೊರಗೆ, ಮಲಪ್ರಭೆಯ ದಂಡೆಗೆ ತುಸು ಮೇಲಿರುವ ಈ ವಿಮಲಾ ಕನ್ಯಾ ವಸತಿ ಶಾಲೆಯಲ್ಲಿ ಹೋದ ವಾರ ಒಂದೇ ರಾತ್ರಿ ಹನ್ನೊಂದು ಹುಡುಗಿಯರು ವಾಂತಿ ಮಾಡಿಕೊಂಡು, ಕೈಕಾಲು ಸೆಟೆದು ಬಿದ್ದಿದ್ದರು. ಏಳನೆಯ ಇಯತ್ತೆಯ ರೇಣವ್ವ ಬೆಳಗು ಕಾಣಲಿಲ್ಲ. ಹೊಟ್ಟೆಯೊಳಗಿದ್ದದ್ದು ಬೆಳೆಗೆ ಹೊಡೆಯುವ ಎಂಡ್ರಿನ್ ಎಂದು ಡಾಕ್ಟರು ವಾಸನೆಯಿಂದಲೇ ಹೇಳಿದರು. ವಿಷ ನೀರಿನಲ್ಲಿ ಬೆರೆತಿರಬೇಕು ಎಂದು ಎಲ್ಲರೂ ತೀರ್ಮಾನಿಸಿದರು. ಅಡಿಗೆಮನೆಯ ಪಕ್ಕದ ಹೊಸ ಬಾವಿಗೆ ಮುಚ್ಚಳವಿತ್ತು, ಅದರ ಕೀಲಿಕೈ ಇದ್ದದ್ದು ಶಾಲೆಯ ನರ್ಸ್ ಶಿವಲಿಂಗವ್ವನ ಬಳಿ. ವಾರಕ್ಕೊಮ್ಮೆ ಅದಕ್ಕೆ ಬ್ಲೀಚಿಂಗ್ ಪೌಡರ್ ಹಾಕುತ್ತಿದ್ದವಳು ಅವಳೇ. ಇಂದು ಬೆಳಿಗ್ಗೆ ಬೆಳಗಾವಿಯಿಂದ ದೊಡ್ಡ ಸಾಹೇಬರ ಫೋನು ಬಂತು, ಅವಳನ್ನು ಬಂಧಿಸಿದರು. ನಾಳೆ ಕೋರ್ಟು, ಅಲ್ಲಿಂದ ಹಿಂಡಲಗಾ ಜೈಲು.

ಅರವತ್ತು ಹುಡುಗಿಯರು ಒಂದೇ ಹಂಡೆಯ ನೀರು ಕುಡಿದಿರುವಾಗ ಬಿದ್ದವರು ಹನ್ನೊಂದೇ ಏಕೆ ಎಂದು ಪದ್ಮಾಕರ ಕೇಳಿದ್ದ. ಉಳಿದವರು ಗಟ್ಟಿಮುಟ್ಟಾಗಿದ್ದರು ಎಂದು ಹೇಳಿ ಅವನ ಬಾಯಿ ಮುಚ್ಚಿಸಿದ್ದರು. ಬದುಕುಳಿದ ಹತ್ತು ಮಂದಿ ಬೆಳಗಾವಿಯ ಆಸ್ಪತ್ರೆಯಲ್ಲಿದ್ದರು. ಈಗಲೇ ಮಾತಾಡಿಸಬೇಡಿ ಎಂದು ಡಾಕ್ಟರು ಬಾಗಿಲಲ್ಲೇ ತಡೆದಿದ್ದರು.

ಅವನಿಗೆ ಶಿವಲಿಂಗವ್ವನ ಪರಿಚಯ ಇವತ್ತಿನದಲ್ಲ. ದೀಪಾವಳಿಯ ನಂತರ ಅವನನ್ನೇ ಈ ಶಾಲೆಗೆ ಕರೆಸಿದ್ದರು. ಬೆಂಕಿ ಬಿದ್ದರೆ ಗಂಟೆ ಹೇಗೆ ಬಾರಿಸಬೇಕು, ಹುಡುಗಿಯರು ತಳ್ಳಾಡದೆ ಸಾಲಾಗಿ ಹೇಗೆ ಹೊರಗೆ ಬರಬೇಕು ಎಂದು ಕಲಿಸುವುದು ಅವನ ಕೆಲಸ. ಅದಕ್ಕಾಗಿ ಅವನು ನಾಲ್ಕಾರು ಸಲ ಬಂದ. ಅಷ್ಟು ಸಲ ಬರುವ ಅಗತ್ಯವಿತ್ತೇ ಎಂದು ಯಾರೂ ಕೇಳಬಾರದು. ಬಂದಾಗಲೆಲ್ಲ ನರ್ಸಬಾಯಿ ಒಂದು ಪ್ರಶ್ನೆ ಕೇಳುತ್ತಿದ್ದಳು: “ಊಟಾ ಆತೇನ್ರಿ?” ಬೆಳಗಾವಿಯ ಸದಾಶಿವನಗರದ ಮನೆಯಲ್ಲಿ ಹೆಂಡತಿ ರತ್ನಮಾಲಾ, ಆ ದೊಡ್ಡ ಸಾಹೇಬರ ತಂಗಿ, ತೀರಿಹೋದ ಮೇಲೆ ಆ ಪ್ರಶ್ನೆಯನ್ನು ಅವನಿಗೆ ಯಾರೂ ಕೇಳಿರಲಿಲ್ಲ. ಉತ್ತರವಾಗಿ ಪ್ರತಿ ಸಲವೂ ಅವನು ಆಯಿತೆಂದು ಸುಳ್ಳು ಹೇಳುತ್ತಿದ್ದ, ಬಸ್ಸಿನಲ್ಲಿ ಹಸಿದುಕೊಂಡೇ ಊರಿಗೆ ಮರಳುತ್ತಿದ್ದ. ಆದರೂ ಆ ದಿನವೆಲ್ಲ ಮನಸ್ಸು ಹಗುರಾಗಿರುತ್ತಿತ್ತು.

ಜಾಲರಿ ಕಿರುಗುಟ್ಟುತ್ತ ತೆರೆಯಿತು. ಪದ್ಮಾಕರ ಹಗ್ಗ ಜಗ್ಗಿದ. ಕೆಳಗೆ ಬಾವಿಯ ಗೋಡೆಯ ಕಲ್ಲುಸಂದಿಯಲ್ಲಿ ಹುಟ್ಟಿದ ಅತ್ತಿಯ ಸಸಿಗೆ ಏನೋ ಸಿಕ್ಕಿಕೊಂಡಿತ್ತು. ಅತ್ತಿತ್ತ ಅಲ್ಲಾಡಿಸಿ ಬಿಡಿಸಿಕೊಂಡು ಮೇಲೆಳೆದರೆ, ಅಂಗೈಯಗಲದ ಹಿತ್ತಾಳೆಯ ಚರಿಗೆ. ಅದರ ಬುಡಕ್ಕೆ ಬಳೆಯಂಥ ಒಂದು ಕಡಿ ಬೆಸೆದಿತ್ತು.

“ಯಾರೋ ಹುಡುಗ್ಯಾರು ಆಡಕೋಂತ ಒಗದಿರಬೇಕ್ರಿ,” ಎಂದರು ಹೆಡ್‌ಮಾಸ್ತರರು.

ಅವರಿಗೆ ತಿಳಿದಿರಲಿಲ್ಲ. ಪದ್ಮಾಕರನಿಗೆ ತಿಳಿಯಿತು. ಇಂಥದೇ ಚರಿಗೆ ಅವನ ತಾಯಿಯ ಹತ್ತಿರ ಇತ್ತು, ಆಮೇಲೆ ರತ್ನಮಾಲಾಳ ಹತ್ತಿರ ಬಂತು. ವ್ರತನಿಯಮ ಪಾಲಿಸುವ ಜೈನರ ಮನೆಯಲ್ಲಿ ಬಾವಿಯ ನೀರನ್ನು ದಪ್ಪ ಅರಿವೆಯಲ್ಲಿ ಗಾಳಿಸದೆ ಬಳಸುವುದಿಲ್ಲ. ಗಾಳಿಸಿದ ಮೇಲೆ ಅರಿವೆಯಲ್ಲಿ ಉಳಿದ ಕಣ್ಣಿಗೆ ಕಾಣದ ಜೀವಗಳು ಸಾಯಬಾರದು. ಅರಿವೆಯನ್ನು ತೊಳೆದ ನೀರನ್ನು ಈ ಚರಿಗೆಯಲ್ಲಿ ತುಂಬಿ ಮೆಲ್ಲಗೆ ಕೆಳಗಿಳಿಸುತ್ತಾರೆ. ನೀರು ಮುಟ್ಟಿದೊಡನೆ ಬುಡದ ಕಡಿಯಿಂದಾಗಿ ಚರಿಗೆ ತಾನೇ ಮಗುಚಿಕೊಳ್ಳುತ್ತದೆ. ಬಿಡುವುದಾದರೂ ಎಲ್ಲಿಗೆ? ಯಾವ ಬಾವಿಯ ನೀರೋ ಅದೇ ಬಾವಿಗೆ. ಇನ್ನೊಂದು ಬಾವಿಗೆ ಬಿಟ್ಟರೆ ಪಾಪವೆಂದು ತಾಯಿ ಹೇಳುತ್ತಿದ್ದಳು.

ಈ ಶಾಲೆಯಲ್ಲಿ ಹಾಗೆ ನಡೆದುಕೊಳ್ಳುವವಳು ಒಬ್ಬಳೇ. ಅಡಿಗೆಯ ಅಕ್ಕಾತಾಯಿ.

ಅವಳ ಚರಿಗೆ ಇಲ್ಲಿಗೆ ಇಳಿದಿದೆ ಎಂದರೆ ಒಂದು ದಿನವಾದರೂ ಅಡಿಗೆಗೆ ಬಳಸಿದ್ದು ಈ ಮುಚ್ಚಿದ ಬಾವಿಯ ನೀರು. ಈ ಬಾವಿಯ ಕೀಲಿಕೈ ಶಿವಲಿಂಗವ್ವನ ಹತ್ತಿರ ಎಂದೂ ಇರಲಿಲ್ಲ.

“ಮಾಸ್ತರ, ಈ ಬಾವಿ ಯಾವಾಗ ತೆಗಿಸಿದ್ರಿ?”

ಗುರುಪಾದಪ್ಪನವರು ಟೊಪ್ಪಿಗೆ ತೆಗೆದು ಬೆವರು ಒರೆಸಿಕೊಂಡರು. “ಕಮಿಟಿಯವರಿಗೆ ಫೋನ್ ಮಾಡೂದೈತ್ರಿ. ಈಗ ಬಂದೆ,” ಎಂದು ಹಿಂತಿರುಗಿ ನೋಡದೆ ಆಫೀಸಿನ ಕಡೆಗೆ ನಡೆದರು. ಪದ್ಮಾಕರ ಅವರನ್ನು ತಡೆಯಲಿಲ್ಲ. ಅವರ ನಾಲಗೆಗಿಂತ ಇನ್ನೊಬ್ಬರ ನಾಲಗೆ ಅವನಿಗೆ ಬೇಕಾಗಿತ್ತು.

ಹುಡುಗಿಯರನ್ನೆಲ್ಲ ಊರಿಗೆ ಕಳಿಸಿದ್ದರಿಂದ ಶಾಲೆ ಬಿಕೋ ಎನ್ನುತ್ತಿತ್ತು. ಪಡಸಾಲೆಯ ತಂತಿಯ ಮೇಲೆ ಯಾರದೋ ಒಂದು ಲಂಗ ಒಣಗಿ ಗಟ್ಟಿಯಾಗಿತ್ತು. ಗೋಡೆಗುಂಟ ‘ಬೆಂಕಿ’ ಎಂದು ಬರೆದ ಕೆಂಪು ಬಕೆಟ್ಟುಗಳು ಸಾಲಾಗಿ ತೂಗುತ್ತಿದ್ದವು. ಮರಳು ತುಂಬಿಡಿ ಎಂದು ಅವನು ಬಾಯಿ ನೋಯುವಷ್ಟು ಹೇಳಿದ್ದ. ಬಗ್ಗಿ ನೋಡಿದರೆ ಅರ್ಧ ಶೇಂಗಾ ಸಿಪ್ಪೆ. ಬೆಂಕಿ ಹತ್ತಿದ್ದರೆ ಇವರು ಅದನ್ನೇ ಎರಚುತ್ತಿದ್ದರೇನೋ. ಮೊದಲಾಗಿದ್ದರೆ ಅವನಿಗೆ ಸಿಟ್ಟು ಬರುತ್ತಿತ್ತು. ಇವತ್ತು ಆ ಸಿಪ್ಪೆ ತುಂಬಿದ ಹುಡುಗಿಯರ ನೆನಪಾಯಿತು.

ಅಡಿಗೆಮನೆಯಲ್ಲಿ ಅಕ್ಕಾತಾಯಿ ಊಟಕ್ಕೆ ಕೂತಿದ್ದಳು. ಅರವತ್ತು ದಾಟಿದ ವಿಧವೆ. ಇಪ್ಪತ್ತು ವರ್ಷದಿಂದ ಈ ಒಲೆಯ ಮುಂದೆಯೇ ಬಾಳು ಸವೆಸಿದವಳು. ಸೂರ್ಯ ಮುಳುಗಿದ ಮೇಲೆ ಒಂದಗುಳೂ ಮುಟ್ಟುವವಳಲ್ಲ, ಉಣ್ಣುವಾಗ ಮಾತಾಡುವವಳೂ ಅಲ್ಲ. ಅವಳು ಅವನನ್ನು ಕಂಡು ಎಡಗೈಯಿಂದ ಮಣೆ ತೋರಿಸಿದಳು.

ಪೊಲೀಸ್ ಖಾತೆಯ ಗತ್ತು ಇಲ್ಲಿ ನಡೆಯುವಂತಿರಲಿಲ್ಲ. ಅವನು ಚರಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತ. ಅರವತ್ತು ಮಂದಿಗೆ ಬೇಯಿಸುವ ಪಾತ್ರೆಗಳು ಬೋರಲು ಬಿದ್ದಿದ್ದವು. ಅವುಗಳ ನಡುವೆ ಈ ಮುದುಕಿ ಒಬ್ಬಳೇ ಒಂದು ಹಿಡಿ ಅನ್ನವನ್ನು ಮೆಲ್ಲಗೆ ಅಗಿಯುತ್ತಿದ್ದಳು. ಕಿಟಕಿಯ ಬಿಸಿಲು ನೆಲದಿಂದ ಗೋಡೆಗೆ, ಗೋಡೆಯಿಂದ ಗೂಡಿಗೆ ಏರಿತು. ತನ್ನ ಮನೆಯಲ್ಲೂ ಸಂಜೆ ಹೀಗೆಯೇ ಏರುತ್ತದೆ, ನೋಡುವವರಿಲ್ಲ ಎಂದು ಅವನಿಗೆ ಅನ್ನಿಸಿತು.

ಕೊನೆಗೆ ಅವಳು ತಟ್ಟೆ ತೊಳೆದು ಆ ನೀರನ್ನೂ ಕುಡಿದು ಕೈಮುಗಿದಳು. “ಬಾಳೊತ್ತು ಕುಂದರಿಸಿದೆ ತಮ್ಮಾ. ಏನು ಬೇಕಾಗಿತ್ತು?”

“ಇದು ನಿಮ್ಮದೇನವ್ವಾ?”

ಅಕ್ಕಾತಾಯಿ ಚರಿಗೆಯನ್ನು ಎರಡೂ ಕೈಯಲ್ಲಿ ತೆಗೆದುಕೊಂಡಳು. “ನಂದ ನೋಡಪಾ. ಅತ್ತಿ ಗಿಡಕ್ಕ ಸಿಕ್ಕೊಂಡಿತ್ತು. ಜಗ್ಗಿ ಜಗ್ಗಿ ಸಾಕಾಗಿ ಸರಳಿಗೆ ಕಟ್ಟಿ ಬಂದೆ. ಆಮ್ಯಾಲ ಮಾಸ್ತರು ಬೀಗಾ ಹಾಕಿಬಿಟ್ರು.”

“ಯಾವತ್ತು?”

“ಆ ಕೂಸು ಹೋತಲ್ಲಾ, ಆವತ್ತು.”

“ಆವತ್ತು ಅಡಿಗಿ ಮಾಡಿದ್ದು ಹಳೇ ಬಾವಿ ನೀರಾಗೇನು?”

ಅವಳು ಬಾಗಿಲ ಕಡೆ ನೋಡಿದಳು. ಹೆಡ್‌ಮಾಸ್ತರರ ಸುಳಿವಿರಲಿಲ್ಲ.

“ಹೂಂನಪಾ. ಮರುದಿನ ಸರಕಾರದವರು ತಪಾಸಣಿಗೆ ಬರೂದಿತ್ತು. ಬೆಂಕಿಗಂತ ಇಟ್ಟ ಕೆಂಪು ಟಾಕಿ ತುಂಬಿರಬೇಕು, ಹೊಸ ಬಾವ್ಯಾಗ ನೀರು ಕಡಿಮಿ ಅದ, ಇವತ್ತೊಂದಿನ ಅಡಿಗಿಗೆ ಹಳೇ ಬಾವಿದು ತರಿಸ್ತೀನಿ, ಕುದಿಸಿದ್ರ ಏನೂ ಆಗೂದಿಲ್ಲ ಅಂದ್ರು ಮಾಸ್ತರು. ಯಾರ ಮುಂದೂ ಆಡಬ್ಯಾಡ, ಸಾಲಿ ಬಂದ್ ಮಾಡ್ತಾರ ಅಂದ್ರು. ಸಾಲಿ ಬಂದಾದ್ರ ನಾ ಎಲ್ಲಿಗೆ ಹೋಗ್ಲಿ?”

“ಆ ಬಾವಿ ಬೀಗಾ ತೆಗೆದವರು ಯಾರು?”

“ಅವರ ತೆಗದ್ರು.”

“ನರ್ಸಬಾಯಿ ಕಡೆ ಅದರ ಕೀಲಿಕೈ ಇತ್ತೇನು?”

“ಅಕಿ ಕಡೆ ಹೆಂಗ ಬರ್ತದ? ಅಕಿಗೆ ಗೊತ್ತಾಗಿದ್ರ ಮಾಸ್ತರ ಜೀವಾ ತಿಂತಿದ್ಲು.”

ಪದ್ಮಾಕರ ಕಾಗದ ತೆಗೆದು ಅವಳ ಜಬಾಬು ಬರೆದುಕೊಳ್ಳತೊಡಗಿದ. ಎಷ್ಟೋ ದಿನದ ಮೇಲೆ ಅವನ ಕೈ ಹಗುರಾಗಿ ಓಡುತ್ತಿತ್ತು. ನಾಳೆ ಕೋರ್ಟಿನಲ್ಲಿ ಈ ಒಂದು ಹಾಳೆ ಸಾಕು. ಶಿವಲಿಂಗವ್ವ ಹೊರಗೆ ಬರುತ್ತಾಳೆ. ಊಟ ಆಯಿತೇ ಎಂದು ಕೇಳುತ್ತಾಳೆ. ಈ ಸಲ ಇಲ್ಲ ಎಂದೇ ಹೇಳಬೇಕು ಎಂದುಕೊಂಡ. ಸಂತೋಷ ಅವನಿಗೆ ಎಷ್ಟು ಹಳೆಯದಾಗಿತ್ತೆಂದರೆ, ಅದನ್ನು ಗುರುತಿಸಲೂ ತುಸು ಹೊತ್ತು ಹಿಡಿಯಿತು.

ಬರೆದದ್ದನ್ನು ಓದಿ ಹೇಳಿದ. ಅಕ್ಕಾತಾಯಿ ತಲೆ ಅಲ್ಲಾಡಿಸಿದಳು.

“ಹಳೇ ಬಾವಿ ನೀರಾಗ ಇಸಾ ಇತ್ತು ಅಂತ ಬರದಿಯೇನು?”

“ಹೌದವ್ವಾ.”

“ಇರಲಿಲ್ಲಪಾ. ಇದ್ದಿದ್ರ ನಾ ಇರ್ತಿದ್ದೆನೇನು?”

ಪದ್ಮಾಕರನ ಪೆನ್ನು ನಿಂತಿತು.

“ಆ ನೀರು ಗಾಳಿಸಿದಾಕಿ ನಾ. ಅದರಾಗ ಅನ್ನಾ ಮಾಡಿ, ಸಾರು ಮಾಡಿ, ಹೊತ್ತು ಮುಣಗೂದ್ರೊಳಗ ಇಲ್ಲೇ ಕುಂತು ಉಂಡೀನಿ. ಎರಡು ತಂಬಿಗಿ ನೀರೂ ಕುಡದೀನಿ. ನನಗೇನಾತು?”

“ಇದನ್ನ ಯಾರಿಗೂ ಯಾಕ ಹೇಳಲಿಲ್ಲವ್ವಾ?”

“ಎಷ್ಟು ಅಕ್ಕಿ ಹಾಕಿದಿ ಅಂತ ಕೇಳಿದ್ರು. ಅಡಿಗಿಮನಿಗೆ ಯಾರು ಬಂದಿದ್ರು ಅಂತ ಕೇಳಿದ್ರು. ನೀ ಉಂಡಿಯೇನು ಅಂತ ಯಾರು ಕೇಳ್ಯಾರಪಾ?”

ಅವಳ ದನಿಯಲ್ಲಿ ದೂರಿರಲಿಲ್ಲ. ಇಪ್ಪತ್ತು ವರ್ಷ ಯಾರೂ ಕೇಳದಿದ್ದುದಕ್ಕೆ ಹೊಂದಿಕೊಂಡವಳು. ಪದ್ಮಾಕರನಿಗೆ ನಾಚಿಕೆಯಾಯಿತು. ಕೇಳದವರಲ್ಲಿ ಅವನೂ ಒಬ್ಬ.

ಅವನು ಮನಸ್ಸನ್ನು ಹಿಡಿತಕ್ಕೆ ತಂದುಕೊಂಡ. ನೀರಿನಲ್ಲಿ ವಿಷವಿರಲಿಲ್ಲ. ಅನ್ನದಲ್ಲೂ ಇರಲಿಲ್ಲ. ಅರವತ್ತು ಮಂದಿ ಉಂಡರು, ಹನ್ನೊಂದು ಮಂದಿ ಮಾತ್ರ ಬಿದ್ದರು. ಹಾಗಾದರೆ ಆ ಹನ್ನೊಂದು ಮಂದಿಯ ಹೊಟ್ಟೆಗೆ ಇನ್ನೇನೋ ಹೋಗಿರಬೇಕು, ಅದೂ ಅಕ್ಕಾತಾಯಿಯ ಊಟದ ಹೊತ್ತು ಮೀರಿದ ಮೇಲೆ.

“ಊಟಾ ಆದ ಮ್ಯಾಲ ಹುಡುಗ್ಯಾರಿಗೆ ಏನರ ಕೊಟ್ರೇನು?”

“ನಾ ಮಾಳಿಗಿ ಮ್ಯಾಲ ಜಪಕ್ಕ ಕುಂತಿದ್ದೆ. ಗಂಟಿ ಢಣಢಣ ಹೊಡದ್ರು. ನೀ ಕಲಿಸಿದ್ದಲ್ಲಾ, ಬೆಂಕಿ ಗಂಟಿ. ಮರುದಿನಾ ಸರಕಾರದವರ ಮುಂದ ಮಾಡಿ ತೋರಸೂದಿತ್ತು, ಅದಕ್ಕ ತಾಲೀಮು. ಖಿಡಕ್ಯಾಗಿಂದ ನೋಡಿದೆ. ಕೂಸುಗಳು ಓಡಿ ಬಂದು ಅಂಗಳದಾಗ ಸಾಲಾಗಿ ನಿಂತ್ವು. ಆಮ್ಯಾಲ ಸೊರಗಿದ ಹುಡುಗ್ಯಾರನ್ನ ಆರಿಸಿ ಕರದು ಮೆಟ್ಟಲ ಮ್ಯಾಲ ಕುಂದರಿಸಿ, ಒಬ್ಬೊಬ್ಬಾಕಿಗೆ ಒಂದೊಂದು ಚಮಚಾ ಟಾನಿಕ್ ಕುಡಿಸಿದ್ಲು. ರೇಣವ್ವ ಇನ್ನೊಂದು ಚಮಚಾ ಬೇಡಿ ಇಸಗೊಂಡ್ಲು. ಸಿಹಿ ಇತ್ತು ಕಾಣಸ್ತದ.”

“ಯಾರು ಕುಡಿಸಿದ್ದು?”

“ಮತ್ಯಾರು? ನಮ್ಮ ನರ್ಸಬಾಯಿ. ಆ ಕೂಸುಗಳಿಗೆ ಅಕಿ ಬಿಟ್ಟು ಯಾರದಾರ?”

ಶಿವಲಿಂಗವ್ವ ಹೇಳಿದ್ದು ಹೀಗಲ್ಲ: ಆ ಸಂಜೆ ನಾನು ಶಾಲೆಯಲ್ಲೇ ಇರಲಿಲ್ಲ, ಬೆಳಗಾವಿಯಲ್ಲಿ ತಂಗಿಯ ಮನೆಗೆ ಹೋಗಿದ್ದೆ, ಕೊನೆಯ ಬಸ್ಸಿಗೆ ಬಂದಾಗ ಹುಡುಗಿಯರು ಆಗಲೇ ನರಳುತ್ತಿದ್ದರು. ಹೇಳಿದ್ದು ಬೇರೆ ಯಾರಿಗೂ ಅಲ್ಲ, ಇವನಿಗೆ, ಇವನ ಮುಖ ನೋಡಿ. ಇವನು ನಂಬಿದ್ದ. ನಂಬಬೇಕೆಂದೇ ನಂಬಿದ್ದ. ನಡೆದದ್ದನ್ನು ಉಳಿದ ಹುಡುಗಿಯರೂ ಕಂಡಿದ್ದರು. ಅವರನ್ನೂ ಎಲ್ಲರೂ ನೀರಿನ ಬಗ್ಗೆಯೇ ಕೇಳಿ ಊರಿಗೆ ಕಳಿಸಿಬಿಟ್ಟಿದ್ದರು.

“ಬರಕೋ ತಮ್ಮಾ, ಇದನ್ನೂ ಬರಕೋ,” ಎಂದಳು ಅಕ್ಕಾತಾಯಿ. “ಆ ಕೂಸುಗಳಿಗೆ ಅಕಿ ಎಷ್ಟು ಮಾಯಾ-ಮಮತಾ ಮಾಡತಿದ್ಲು ಅನ್ನೂದು ಕೋರ್ಟನ್ಯಾಗ ಗೊತ್ತಾಗಲಿ. ನಾಳೆ ಬಿಟ್ಟು ಕಳಸ್ತಾರಲ್ಲಾ ಅಕಿನ?”

ಹೆಡ್‌ಮಾಸ್ತರರ ಕೊರಳಿಗೆ ಹಾಕಲು ತಂದ ಹಗ್ಗ ತಾನಾಗಿ ಶಿವಲಿಂಗವ್ವನ ಕೊರಳಿಗೆ ಬಿದ್ದಿತ್ತು. ಈ ಮಾತು ಬರೆದರೆ ಅವಳ ಗತಿ ಮುಗಿಯಿತು. ಬರೆಯದಿದ್ದರೆ ರೇಣವ್ವನಿಗೆ ಅವನು ಏನೆಂದು ಉತ್ತರ ಹೇಳಬೇಕು? ಮನಸ್ಸು ಗಟ್ಟಿ ಮಾಡಿ ಬರೆದ. ಅಕ್ಕಾತಾಯಿ ಕೆಳಗೆ ದುಂಡಗೆ ತನ್ನ ಹೆಸರು ಬರೆದು, ಒಂದು ಒಳ್ಳೆಯ ಕೆಲಸವಾಯಿತೆಂಬಂತೆ ನಕ್ಕಳು. ಅವನಿಗೆ ಅವಳ ಮುಖ ನೋಡಲಾಗಲಿಲ್ಲ.

ಠಾಣೆ ತಲುಪುವ ಹೊತ್ತಿಗೆ ಪೇಟೆಯಲ್ಲಿ ದೀಪಗಳು ಹತ್ತುತ್ತಿದ್ದವು. ಬೆಳಗಾವಿಯ ಕೆಂಪು ಬಸ್ಸಿನಿಂದ ಇಳಿದವರು ಕನ್ನಡ ಮರಾಠಿ ಬೆರೆಸಿ ಹರಟುತ್ತ ತಂತಮ್ಮ ಮನೆಯ ದಾರಿ ಹಿಡಿದಿದ್ದರು. ತನಗಾಗಿ ಯಾವ ಮನೆಯಲ್ಲೂ ದೀಪ ಹತ್ತುವುದಿಲ್ಲ ಎಂಬುದು ಅವನಿ‌ಗೆ ಹೊಸ ಸಂಗತಿಯಲ್ಲ. ಇವತ್ತು ಅದು ಹೊಸದಾಗಿ ನೋಯಿಸಿತು.

“ಮುಂಜಾನಿಂದ ಏನೂ ಮುಟ್ಟಿಲ್ರಿ ಸಾಹೇಬ್ರ,” ಎಂದ ಪೇದೆ ಉಳವಪ್ಪ, ಹಾಗೆಯೇ ಉಳಿದ ತಟ್ಟೆಯನ್ನು ತೋರಿಸಿ. ಪದ್ಮಾಕರ ಅವನನ್ನು ಹೊರಗೆ ಕಳಿಸಿದ.

ಶಿವಲಿಂಗವ್ವ ಸರಳುಗಳ ಹಿಂದೆ ಗೋಡೆಗೊರಗಿ ಕೂತಿದ್ದಳು. ನಲವತ್ತರ ಹೆಂಗಸು ಒಂದೇ ವಾರದಲ್ಲಿ ಮುದುಕಿಯಾಗಿದ್ದಳು. ಈ ಸಲ ಅವಳು ಊಟದ ಮಾತು ಕೇಳಲಿಲ್ಲ.

“ಬಾಯಾರ, ಆ ಸಂಜಿ ನೀವು ಬೆಳಗಾವಿಗೆ ಹೋಗಿರಲಿಲ್ಲ.”

ಅವಳು ಮುಖವನ್ನು ಗೋಡೆಯ ಕಡೆ ತಿರುಗಿಸಿದಳು.

“ಹುಡುಗ್ಯಾರಿಗೆ ಟಾನಿಕ್ ಕುಡಿಸಿದವರು ನೀವು.”

“ಹೌದ್ರಿ.”

“ಅದರಾಗ ಇಸಾ ಐತಿ ಅಂತ ಗೊತ್ತಿತ್ತೇನು?”

“ಗೊತ್ತಿದ್ರ ನಾನ ಕುಡೀತಿದ್ದೆ,” ಎಂದಳು ಅವಳು. “ಅದು ಕೂಸುಗಳಿಗಂತ ಬಂದದ್ದಲ್ರಿ. ನನಗಂತ ಬಂದದ್ದು. ಆವತ್ತ ಮಧ್ಯಾಹ್ನ ಬಸ್ಸಿನ ಕಂಡಕ್ಟರ ತಂದು ಕೈಯಾಗ ಕೊಟ್ಟಾ. ನಾ ಗಟ್ಟಿ ಅದೀನಿ, ನನಗ್ಯಾಕ ಟಾನಿಕ್ಕು, ಈ ಸೊರಗಿದ ಹುಡುಗ್ಯಾರಿಗೆ ಆಗಲಿ ಅಂದೆ. ನನ್ನ ಕೈಲೆ ಕುಡಿಸಿದೆ. ನನ್ನ ಕೈಲೇರಿ.”

ಅವಳು ತನ್ನ ಬಲಗೈಯನ್ನು ಸೆರಗಿನೊಳಗೆ ಮುಚ್ಚಿಕೊಂಡಳು. ಪದ್ಮಾಕರನಿಗೆ ಸರಳಿನ ಸಂದಿಯಿಂದ ಕೈಚಾಚಿ ಅದನ್ನು ಹಿಡಿಯಬೇಕೆನ್ನಿಸಿತು. ಹಿಡಿಯಲಿಲ್ಲ. ಯಾರೋ ಅವಳನ್ನೇ ಕೊಲ್ಲಲು ಕಳಿಸಿದ್ದರು, ಅವಳ ಪಾಲಿನ ಸಾವನ್ನು ರೇಣವ್ವ ಕುಡಿದಳು.

“ಮತ್ತ ಸುಳ್ಯಾಕ ಹೇಳಿದ್ರಿ? ಆ ಬಾಟ್ಲಿ ಎಲ್ಲೈತಿ?”

“ಒಡದು ಹೊಳಿಗೆ ಒಗದೀನ್ರಿ. ಇನ್ನ ಯಾರಿಗೂ ಸಿಗೂದಿಲ್ಲ.”

“ಯಾರನ್ನ ಉಳಸಾಕ? ಕಳಿಸಿದವರ್ಯಾರು ಹೇಳ್ರಿ. ನಾಳೆ ನಿಮ್ಮನ್ನ ಹಿಂಡಲಗಾಕ್ಕ ಒಯ್ತಾರ.”

ಶಿವಲಿಂಗವ್ವ ಎದ್ದು ಸರಳುಗಳ ಹತ್ತಿರ ಬಂದಳು. ಇವನ ಮುಖವನ್ನು ತುಂಬ ಹೊತ್ತು ಹುಡುಕಿದಳು. ಅವಳ ಕಣ್ಣಲ್ಲಿ ಸಿಟ್ಟಿರಲಿಲ್ಲ, ಭಯವೂ ಇರಲಿಲ್ಲ. ಅಲ್ಲಿದ್ದದ್ದು ಅನುಕಂಪ.

“ನೀವ ಕೇಳ್ತೀರೇನ್ರಿ ಇದನ್ನ? ಹೆದರಬ್ಯಾಡ್ರಿ. ಜೈಲಿಗೆ ಹಾಕಲಿ, ಗಲ್ಲಿಗೆ ಹಾಕಲಿ, ನನ್ನ ಬಾಯಿಂದ ನಿಮ್ಮ ಹೆಸರು ಬರೂದಿಲ್ಲ.”

“ನನ್ನ ಹೆಸರು?”

“ಕಂಡಕ್ಟರ ಅಂದದ್ದು ಇನ್ನೂ ಕಿವ್ಯಾಗ ಐತ್ರಿ. ‘ಚೌಗುಲೆ ಸಾಹೇಬ್ರು ಕೊಟ್ಟಾರ. ಬಾಳ ಸೊರಗೀರಿ, ದಿನಾ ಎರಡು ಚಮಚಾ ತಗೋರಿ ಅಂದಾರ.’”

ಪದ್ಮಾಕರ ಅವಳಿಗೆ ಈ ತನಕ ಏನನ್ನೂ ಕಳಿಸಿರಲಿಲ್ಲ. ಅವಳು ಸೊರಗಿದ್ದಾಳೆ, ಒಂದು ಬಾಟಲಿ ಟಾನಿಕ್ ಕಳಿಸಬೇಕು ಎಂದು ಅವನಿಗೆ ಅನ್ನಿಸಿದ್ದೇನೋ ನಿಜ. ನಾಚಿಕೆಯಿಂದ ಸುಮ್ಮನಾಗಿದ್ದ. ಆದರೆ ಆ ಆಸೆಯನ್ನು ಅವನು ಬಾಯಿಬಿಟ್ಟು ಹೇಳಿಕೊಂಡದ್ದುಂಟು, ಈ ಲೋಕದಲ್ಲಿ ಒಬ್ಬರೇ ಒಬ್ಬರ ಮುಂದೆ: ರತ್ನಮಾಲಾಳ ಅಣ್ಣ, ಬೆಳಗಾವಿಯ ದೊಡ್ಡ ಸಾಹೇಬರ ಮುಂದೆ.